ಬ್ಯಾಂಕ್ ಹರಾಜಿನ ಹಳೆಯ ಲೇತ್: ಕೊಳ್ಳಬೇಕೆ, ಎಷ್ಟಕ್ಕೆ ಕೊಳ್ಳಬೇಕು?

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಕಾರಟಗಿಯವನು. ಐಟಿಐನಲ್ಲಿ ಟರ್ನರ್ ಮುಗಿಸಿ, ಕೆಲವು ವರ್ಷ ತೋರಣಗಲ್ಲಿನ ಕಡೆ ಗುತ್ತಿಗೆ ಕೆಲಸ ಮಾಡಿದ್ದೇನೆ. ಈಗ ಊರಲ್ಲೇ ರೈಸ್ ಮಿಲ್ಲಿನ ಶಾಫ್ಟ್, ಪುಲ್ಲಿ, ರೋಟವೇಟರ್, ಟ್ರ್ಯಾಕ್ಟರ್ ಬಿಡಿಭಾಗಗಳ ರಿಪೇರಿಗೆ ಸಣ್ಣ ವರ್ಕ್‌ಶಾಪ್ ಹಾಕಬೇಕೆಂದಿದ್ದೇನೆ. ಕೈಯಲ್ಲಿ ಎರಡೂವರೆ ಲಕ್ಷ ರೂಪಾಯಿ ಇದೆ. ಬಳ್ಳಾರಿಯಲ್ಲಿ ಮುಚ್ಚಿಹೋದ ಒಂದು ವರ್ಕ್‌ಶಾಪಿನ ಸಾಮಾನನ್ನು ಬ್ಯಾಂಕಿನವರು ಹರಾಜಿಗೆ ಇಟ್ಟಿದ್ದಾರೆ. ಆರೂವರೆ ಅಡಿ ಬೆಡ್ಡಿನ ಲೇತ್ (ಲೋಹದ ತುಂಡನ್ನು ತಿರುಗಿಸುತ್ತಾ ಕೆತ್ತುವ ಯಂತ್ರ), ಪಿಲ್ಲರ್ ಡ್ರಿಲ್ಲಿಂಗ್ ಮಷಿನ್, ವೆಲ್ಡಿಂಗ್ ಸೆಟ್, ಕಂಪ್ರೆಸರ್, ಚೈನ್ ಪುಲ್ಲಿ, ಪಾನಾ ಮತ್ತು ಸುತ್ತಿಗೆಗಳ ಪೆಟ್ಟಿಗೆಗಳು ಇವೆ. ಹರಾಜಿನ ಸಾಮಾನು ಕೊಳ್ಳಬಹುದೇ? ಎಷ್ಟರವರೆಗೆ ಕೂಗಬಹುದು? ಕಾಗದಪತ್ರದಲ್ಲಿ ಏನು ನೋಡಬೇಕು?

ಉತ್ತರ: ನೀವು ಹೇಳಿದ ಪಟ್ಟಿಯಲ್ಲಿ ಲೇತ್ ಮತ್ತು ಡ್ರಿಲ್ಲಿಂಗ್ ಮಷಿನ್‌ಗಳನ್ನು ಹರಾಜಿನಲ್ಲಿ ಕೊಳ್ಳಬಹುದು, ವೆಲ್ಡಿಂಗ್ ಸೆಟ್ಟನ್ನು ಪರೀಕ್ಷಿಸಿ ನೋಡಬಹುದು, ಕಂಪ್ರೆಸರ್ ವಿಷಯದಲ್ಲಿ ಎಚ್ಚರ ಬೇಕು, ಚೈನ್ ಪುಲ್ಲಿ ಮತ್ತು ಕೈ ಉಪಕರಣಗಳನ್ನು ಬಿಟ್ಟುಬಿಡುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಬೀಡು ಕಬ್ಬಿಣದ ಭಾರವಾದ ಯಂತ್ರಗಳು ಸವೆದರೂ ಸವೆತವನ್ನು ಅಳೆಯಬಹುದು, ಅಳೆದದ್ದನ್ನು ಸರಿಪಡಿಸಬಹುದು. ವಿದ್ಯುತ್ತಿನಿಂದ ನಡೆಯುವ ಸಣ್ಣ ಉಪಕರಣಗಳಲ್ಲಿ ಮತ್ತು ಭಾರ ಎತ್ತುವ ಸಲಕರಣೆಗಳಲ್ಲಿ ದೋಷ ಒಳಗೆ ಇರುವುದರಿಂದ ಅದು ಕಣ್ಣಿಗೆ ಕಾಣುವುದಿಲ್ಲ. ಇನ್ನು ಬೆಲೆಯ ಮಾತು. ಬೆಲೆಯನ್ನು ಹರಾಜಿನ ದಿನ ಯೋಚಿಸಲು ಹೋಗಬೇಡಿ. ಪರಿಶೀಲನೆಗೆಂದು ನಿಗದಿಪಡಿಸಿದ ದಿನ ಷೆಡ್ಡಿನೊಳಗೆ ನಿಂತು, ಅಳತೆ ಮಾಡಿ, ಕೊನೆಯ ಅಂಕಿಯನ್ನು ಬರೆದಿಟ್ಟುಕೊಂಡವರಿಗೆ ಮಾತ್ರ ಹರಾಜು ಲಾಭದ ವ್ಯವಹಾರವಾಗುತ್ತದೆ.

ಮೊದಲು ನೋಟಿಸನ್ನು ಸರಿಯಾಗಿ ಓದಿ. ಬ್ಯಾಂಕುಗಳು ಅಡಮಾನದ ಯಂತ್ರಗಳನ್ನು ಸಾಮಾನ್ಯವಾಗಿ 2002ರ ಸರ್ಫೇಸಿ ಕಾಯ್ದೆ (ಬಾಕಿ ಸಾಲಕ್ಕೆ ಅಡಮಾನದ ಆಸ್ತಿಯನ್ನು ಬ್ಯಾಂಕೇ ಮಾರಲು ಅಧಿಕಾರ ಕೊಡುವ ಕಾಯ್ದೆ) ಮತ್ತು ಅದರ ನಿಯಮಗಳ ಅಡಿಯಲ್ಲಿ ಮಾರುತ್ತವೆ. ಸಾಲ ಪಡೆದವರಿಗೆ 60 ದಿನಗಳ ಬೇಡಿಕೆ ನೋಟಿಸು ಹೋಗಿರಬೇಕು, ಚರ ಆಸ್ತಿಯನ್ನು ಮಾರುವ ಮೊದಲು ಮತ್ತೆ 30 ದಿನಗಳ ನೋಟಿಸು ಕೊಟ್ಟಿರಬೇಕು. ಈ ಕ್ರಮದಲ್ಲಿ ಲೋಪವಿದ್ದರೆ ಸಾಲಗಾರರು ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಿ ತಡೆ ತರಬಹುದು. ಆಗ ನಿಮ್ಮ ಠೇವಣಿ ಹಣ ಸಿಕ್ಕಿಹಾಕಿಕೊಳ್ಳುತ್ತದೆ. ಆದ್ದರಿಂದ ನೋಟಿಸಿನಲ್ಲಿ ಹೆಸರಿಸಿದ ಅಧಿಕೃತ ಅಧಿಕಾರಿಯನ್ನು ಕಂಡು, ಯಾವುದಾದರೂ ಪ್ರಕರಣ ಬಾಕಿ ಇದೆಯೇ, ಯಂತ್ರಗಳ ಭೌತಿಕ ಸ್ವಾಧೀನ ಬ್ಯಾಂಕಿನ ಕೈಯಲ್ಲಿದೆಯೇ, ಷೆಡ್ಡು ಬಾಡಿಗೆಯದೇ ಸ್ವಂತದ್ದೇ ಎಂದು ನೇರವಾಗಿ ಕೇಳಿ. ಬಾಡಿಗೆ ಷೆಡ್ಡಾದರೆ, ಬಾಕಿ ಬಾಡಿಗೆ ಬರುವವರೆಗೆ ಗೇಟು ತೆಗೆಯುವುದಿಲ್ಲವೆಂದು ಮಾಲೀಕರು ಹಟ ಹಿಡಿಯುವುದುಂಟು. ಆ ಜಗಳ ಬ್ಯಾಂಕಿನದೇ ಹೊರತು ನಿಮ್ಮದಲ್ಲ, ಆದರೆ ಬಾಡಿಗೆ ಕ್ರೇನು ತಂದು ಗೇಟಿನ ಹೊರಗೆ ನಿಲ್ಲಿಸಿಕೊಂಡವರು ನೀವಾಗಿರುತ್ತೀರಿ.

ನೋಟಿಸಿನಲ್ಲಿ 'ಇರುವ ಸ್ಥಿತಿಯಲ್ಲಿ, ಇರುವ ಸ್ಥಳದಲ್ಲಿ, ಏನಿದೆಯೋ ಅದರಂತೆ' ಎಂಬ ಅರ್ಥದ ಷರತ್ತು ಖಂಡಿತ ಇರುತ್ತದೆ. ಕೊಂಡ ಮೇಲೆ ಗೇರಿನ ಹಲ್ಲು ಮುರಿದಿದೆ, ಮೋಟಾರು ಸುಟ್ಟಿದೆ ಎಂದು ದೂರಿಕೊಂಡು ಹೋದರೆ ಯಾರೂ ಕೇಳುವುದಿಲ್ಲ ಎಂದೇ ಅದರ ತಾತ್ಪರ್ಯ. ಠೇವಣಿ ಎಷ್ಟು, ಗೆದ್ದ ಮೇಲೆ ಉಳಿದ ಹಣ ಎಷ್ಟು ದಿನದಲ್ಲಿ ಕಟ್ಟಬೇಕು, ಜಿಎಸ್‌ಟಿ ಬಿಡ್ ಮೊತ್ತದಲ್ಲಿ ಸೇರಿದೆಯೋ ಮೇಲೆ ಬೇರೆಯೋ, ಸಾಮಾನು ಎತ್ತಲು ಎಷ್ಟು ದಿನದ ಗಡುವು, ಗಡುವು ಮೀರಿದರೆ ದಿನಕ್ಕೆ ಎಷ್ಟು ನೆಲಬಾಡಿಗೆ ಎಂಬ ಐದು ಸಂಗತಿಗಳಿಗೆ ಉತ್ತರ ಸಿಗುವವರೆಗೆ ಠೇವಣಿ ಕಟ್ಟಬೇಡಿ. ಶೇಕಡ 25 ಕೂಡಲೇ, ಉಳಿದದ್ದು 15 ದಿನದಲ್ಲಿ ಎಂಬ ಮಾತನ್ನು ನೀವು ಕೇಳಿರಬಹುದು. ಅದು ಮನೆ, ಜಾಗಗಳಂಥ ಸ್ಥಿರ ಆಸ್ತಿಯ ನಿಯಮ. ಯಂತ್ರಗಳಿಗೆ ನೋಟಿಸಿನಲ್ಲಿ ಬರೆದ ಷರತ್ತೇ ಷರತ್ತು, ಮತ್ತು ಅದು ಇನ್ನೂ ಬಿಗಿಯಾಗಿರಬಹುದು.

ಈ ಒಂದು ಹರಾಜು ತಪ್ಪಿದರೆ ಬೇರೆ ದಾರಿಯಿಲ್ಲವೆಂದು ತಿಳಿಯಬೇಡಿ. ಕರ್ನಾಟಕ ರಾಜ್ಯ ಹಣಕಾಸು ಸಂಸ್ಥೆಯು ಸಾಲ ಮರುಪಾವತಿಯಾಗದ ಘಟಕಗಳನ್ನು 1951ರ ರಾಜ್ಯ ಹಣಕಾಸು ಸಂಸ್ಥೆಗಳ ಕಾಯ್ದೆಯ 29ನೇ ಸೆಕ್ಷನ್ನಿನ ಅಧಿಕಾರ ಬಳಸಿ ವಶಕ್ಕೆ ಪಡೆದು ಮಾರುತ್ತದೆ. ಸರ್ಕಾರಿ ಉದ್ಯಮಗಳು ಬಳಸಿ ತೆಗೆದ ಸಾಮಾನನ್ನು ಬಹುತೇಕ ಆನ್‌ಲೈನ್ ವೇದಿಕೆಗಳಲ್ಲಿ ಮಾರುತ್ತವೆ. 2011ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ಬಳ್ಳಾರಿಯ ಅದಿರನ್ನು ಇ-ಹರಾಜಿನಲ್ಲಿ ಮಾರಲು ತೊಡಗಿದ ಮೇಲೆ ಆ ಹರಾಜು ನಡೆಸಿದ ಸರ್ಕಾರಿ ಸಂಸ್ಥೆ ಎಂಎಸ್‌ಟಿಸಿಯ ಹೆಸರು ನಮ್ಮ ಭಾಗದ ಲಾರಿ ಮಾಲೀಕರ ಬಾಯಲ್ಲೂ ಬಂತು. ರೈಲ್ವೆಗೆ ತನ್ನದೇ ಆದ ಐಆರ್‌ಇಪಿಎಸ್ ವೇದಿಕೆ ಇದೆ. ಆದರೆ ಈ ದೊಡ್ಡ ಹರಾಜುಗಳಲ್ಲಿ ಸಾಮಾನು ಲಾಟುಗಳಲ್ಲಿ ಬರುತ್ತದೆ. ನಿಮಗೆ ಬೇಕಾದ ಒಂದು ವೈಸ್ ಜೊತೆಗೆ ನಾಲ್ಕು ಟನ್ ಹಳೆಯ ಪೈಪನ್ನೂ ಎತ್ತಬೇಕಾಗುತ್ತದೆ. ಒಬ್ಬರೇ ಮಾಡುವ ಸಣ್ಣ ವರ್ಕ್‌ಶಾಪಿಗೆ ಅದು ಹೊಂದುವುದಿಲ್ಲ. ಐಟಿಐ ಮತ್ತು ಪಾಲಿಟೆಕ್ನಿಕ್‌ಗಳು ಹಳೆಯ ಯಂತ್ರಗಳನ್ನು ಕಂಡೆಮ್ ಮಾಡಿ ಮಾರುವಾಗ ಮಾತ್ರ ಕಿವಿ ನೆಟ್ಟಗಿರಲಿ. ವಿದ್ಯಾರ್ಥಿಗಳ ಕೈಯಲ್ಲಿ ಆ ಲೇತ್‌ಗಳ ಹ್ಯಾಂಡಲ್ಲು, ಲಿವರು, ಟೂಲ್‌ಪೋಸ್ಟುಗಳು ನಜ್ಜುಗುಜ್ಜಾಗಿರುತ್ತವೆ; ಭಾರಿ ಕೆಲಸವನ್ನೇ ಕಾಣದ ಬೆಡ್ ಮಾತ್ರ ಎಷ್ಟೋ ಸಲ ಚೆನ್ನಾಗಿ ಉಳಿದಿರುತ್ತದೆ.

ಇನ್ನು ಲೇತ್. ಇದರ ಉದ್ದನೆಯ ತಳಭಾಗವೇ ಬೆಡ್; ಅದರ ಒಂದು ತುದಿಯಲ್ಲಿ ಕೆಲಸದ ತುಂಡನ್ನು ಹಿಡಿದು ತಿರುಗಿಸುವ ಚಕ್, ಇನ್ನೊಂದು ತುದಿಯಲ್ಲಿ ಆಸರೆ ಕೊಡುವ ಟೇಲ್‌ಸ್ಟಾಕ್, ನಡುವೆ ಟೂಲ್ ಹೊತ್ತು ಸರಿಯುವ ಕ್ಯಾರೇಜ್ ಇರುತ್ತವೆ. ಎತ್ತಿನ ಸಂತೆಯಲ್ಲಿ ಹಲ್ಲು ನೋಡಿ ವಯಸ್ಸು ಹೇಳುವಂತೆ, ಲೇತ್‌ನ ವಯಸ್ಸನ್ನು ಬೆಡ್ಡಿನ ಚಕ್ ಕಡೆಯ ಭಾಗ ಹೇಳುತ್ತದೆ. ಸಣ್ಣ ಸಣ್ಣ ಕೆಲಸಗಳೆಲ್ಲ ಚಕ್ಕಿನ ಹತ್ತಿರವೇ ನಡೆಯುವುದರಿಂದ ಮೊದಲ ಒಂದೂವರೆ ಅಡಿ ಹೆಚ್ಚು ಸವೆಯುತ್ತದೆ, ಟೇಲ್‌ಸ್ಟಾಕ್ ಕಡೆಯ ಕೊನೆ ಬಹುಮಟ್ಟಿಗೆ ಹೊಸದರಂತೆಯೇ ಇರುತ್ತದೆ. ಇದನ್ನು ತಿಳಿಯಲು ದುಬಾರಿ ಉಪಕರಣ ಬೇಡ. ಬೆಡ್ಡನ್ನು ಸೀಮೆಎಣ್ಣೆಯಲ್ಲಿ ಅದ್ದಿದ ವೇಸ್ಟಿನಿಂದ ಚೆನ್ನಾಗಿ ಒರೆಸಿ, ಕ್ಯಾರೇಜನ್ನು ಚಕ್ಕಿನ ಹತ್ತಿರ ತಂದು, ಕ್ಯಾರೇಜ್ ಲಾಕ್ ಬೋಲ್ಟನ್ನು ಸ್ವಲ್ಪವೇ ಬಿಗಿಮಾಡಿ. ಚಕ್ರ ತಿರುಗಿಸಿದರೆ ಕ್ಯಾರೇಜು ತುಸು ತ್ರಾಸಿನಿಂದ ಸರಿಯುವಷ್ಟು ಬಿಗಿ ಸಾಕು. ಈಗ ಅದೇ ಬಿಗಿಯಲ್ಲಿ ಟೇಲ್‌ಸ್ಟಾಕ್ ಕಡೆಗೆ ತಿರುಗಿಸುತ್ತಾ ಹೋಗಿ. ಕೊನೆಯವರೆಗೂ ಒಂದೇ ಬಿಗಿಯಲ್ಲಿ ಸರಿದರೆ ಬೆಡ್ ಸಮನಾಗಿದೆ. ಅರ್ಧದಲ್ಲೇ ಕಚ್ಚಿಕೊಂಡು ನಿಂತರೆ, ಚಕ್ಕಿನ ಕಡೆ ಸವೆದು ತೆಳ್ಳಗಾಗಿದೆ ಎಂದು ಅರ್ಥ. ಅಲ್ಲಿ ಬೋಲ್ಟನ್ನು ಎಷ್ಟು ಸಡಿಲಿಸಿದರೆ ಮತ್ತೆ ಸರಿಯುತ್ತದೆ ಎಂಬುದರ ಮೇಲೆ ಸವೆತದ ಅಂದಾಜು ಕೈಗೇ ಸಿಗುತ್ತದೆ. ಸ್ಟ್ರೇಟ್ ಎಡ್ಜ್ ಮತ್ತು ಫೀಲರ್ ಗೇಜ್ ಇದ್ದರೆ ಅದನ್ನು ಅಂಕಿಯಲ್ಲಿಯೇ ಬರೆದುಕೊಳ್ಳಿ.

ನೀವು ಮಾಡಬೇಕೆಂದಿರುವುದು ರೈಸ್ ಮಿಲ್ಲಿನ ಶಾಫ್ಟು ಮತ್ತು ಪುಲ್ಲಿಗಳ ಕೆಲಸ. ಬೇರಿಂಗ್ ಕೂರುವ ಜಾಗದಲ್ಲಿ ಮಾತ್ರ ಅಳತೆ ನಿಖರವಾಗಿರಬೇಕು, ಉಳಿದೆಡೆ ಒಂದಿಷ್ಟು ವ್ಯತ್ಯಾಸ ನಡೆಯುತ್ತದೆ. ಹೀಗಾಗಿ ಸ್ವಲ್ಪ ಬೆಡ್ ಸವೆತವಿರುವ ಲೇತ್ ನಿಮ್ಮ ಕೆಲಸಕ್ಕೆ ಅನರ್ಹವಲ್ಲ. ಸವೆದ ಬೆಡ್ಡನ್ನು ಗ್ರೈಂಡ್ ಮಾಡಿಸಿ, ಸ್ಕ್ರೇಪ್ ಮಾಡಿಸುವ ಖರ್ಚು ಮಾತ್ರ ಹಳೆಯ ಲೇತ್‌ನ ಬೆಲೆಗೇ ಸಮೀಪ ಹೋಗಬಹುದು. ಆದ್ದರಿಂದ 'ಆಮೇಲೆ ಸರಿಮಾಡಿಸಿಕೊಂಡರಾಯಿತು' ಎಂಬ ಲೆಕ್ಕ ಬೆಡ್ಡಿಗೆ ಒಪ್ಪುವುದಿಲ್ಲ.

ಬೆಡ್ಡಿನ ನಂತರ ಸ್ಪಿಂಡಲ್, ಅಂದರೆ ಚಕ್ಕನ್ನು ತಿರುಗಿಸುವ ಅಚ್ಚು. ಮುಚ್ಚಿದ ಷೆಡ್ಡಿನಲ್ಲಿ ಕರೆಂಟು ಇರುವುದಿಲ್ಲ, ಯಂತ್ರವನ್ನು ಓಡಿಸಿ ನೋಡುವ ಅವಕಾಶ ಸಿಗುವುದು ಅಪರೂಪ. ಡಯಲ್ ಗೇಜನ್ನು ಮ್ಯಾಗ್ನೆಟಿಕ್ ಬೇಸಿನಲ್ಲಿ ಕೂರಿಸಿ, ಅದರ ಮೊನೆಯನ್ನು ಸ್ಪಿಂಡಲ್ ಮೂತಿಯ ಮೇಲಿಟ್ಟು, ಚಕ್ಕಿನ ಕೆಳಗೆ ಮರದ ತುಂಡು ಕೊಟ್ಟು ಮೇಲಕ್ಕೆ ಮೀಟಿ. ಮುಳ್ಳು ಎರಡು ಮೂರು ನೂರನೇ ಮಿಲಿಮೀಟರಿನಷ್ಟು ಆಡಿದರೆ ಚಿಂತೆಯಿಲ್ಲ. ಹತ್ತು ನೂರನೆಯಷ್ಟು ಎದ್ದರೆ ಬೇರಿಂಗ್ ಬದಲಿಸುವ ಖರ್ಚನ್ನು ಲೆಕ್ಕಕ್ಕೆ ಹಿಡಿಯಿರಿ. ಆಮೇಲೆ ಗೇರುಗಳನ್ನು ಒಂದೊಂದಾಗಿ ಹಾಕುತ್ತಾ ಚಕ್ಕನ್ನು ಕೈಯಿಂದ ನಿಧಾನವಾಗಿ ಪೂರ್ತಿ ಸುತ್ತು ತಿರುಗಿಸಿ; ಹಲ್ಲು ಮುರಿದ ಗೇರು ಪ್ರತಿ ಸುತ್ತಿಗೂ ಅದೇ ಜಾಗದಲ್ಲಿ ಒಂದು ತಟ್ಟು ಕೊಡುತ್ತದೆ. ಕ್ರಾಸ್ ಸ್ಲೈಡಿನ ಹ್ಯಾಂಡಲ್ಲು ಅರ್ಧ ಸುತ್ತು ಖಾಲಿ ತಿರುಗಿದರೆ ಗಾಬರಿಯಾಗಬೇಡಿ. ಒಳಗಿನ ಗನ್‌ಮೆಟಲ್ ನಟ್ಟು ಸವೆದಿರುತ್ತದೆ, ಟರ್ನರ್ ಆದ ನೀವೇ ಅದನ್ನು ಮಾಡಿಕೊಳ್ಳಬಹುದು. ಹರಾಜಿಗೆ ಬಂದ ಬೇರೆಯವರು ಈ ಖಾಲಿ ಸುತ್ತನ್ನು ಕಂಡು ಹಿಂದೆ ಸರಿದರೆ ನಿಮಗೆ ಒಳ್ಳೆಯದೇ ಆಯಿತು.

ಚೂಡಿಯ (ಥ್ರೆಡ್ಡಿನ) ಅಳತೆ ಬದಲಿಸಲು ಹಾಕುವ ಚೇಂಜ್ ಗೇರುಗಳ ಸೆಟ್ಟು ಎಲ್ಲಿದೆ ಎಂದು ಕೇಳಿ. ಮುಚ್ಚಿದ ವರ್ಕ್‌ಶಾಪುಗಳಲ್ಲಿ ಮೊದಲು ಕಳೆದುಹೋಗುವುದು ಇವೇ, ಏಕೆಂದರೆ ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ತೂಕ. ಚೂಡಿ ಕತ್ತರಿಸುವಾಗ ಕ್ಯಾರೇಜನ್ನು ಸರಿಸುವ ಲೀಡ್ ಸ್ಕ್ರೂ ಇಂಚಿನದಾಗಿದ್ದರೆ ಮಿಲಿಮೀಟರ್ ಚೂಡಿಯನ್ನು ನಿಖರವಾಗಿ ಕತ್ತರಿಸಲು 127 ಹಲ್ಲಿನ ಗೇರು ಇರಲೇಬೇಕು, ಏಕೆಂದರೆ ಒಂದು ಇಂಚಿಗೆ 25.4 ಮಿ.ಮೀ. ಎಂಬ ಲೆಕ್ಕ ಆ ಹಲ್ಲುಗಳ ಸಂಖ್ಯೆಯಿಂದಲೇ ಸರಿಹೊಂದುತ್ತದೆ. ಅದಿಲ್ಲದ ಲೇತ್‌ನಲ್ಲಿ ಟ್ರ್ಯಾಕ್ಟರಿನ ಮೆಟ್ರಿಕ್ ಬೋಲ್ಟಿನ ಕೆಲಸ ಬಂದ ದಿನ ನೀವು ಕೈಕಟ್ಟಿ ಕೂರಬೇಕಾಗುತ್ತದೆ. ಉದ್ದ ಶಾಫ್ಟನ್ನು ನಡುವೆ ಆನಿಸುವ ಸ್ಟೆಡಿ ರೆಸ್ಟ್ ಇದೆಯೇ, ನಾಲ್ಕು ದವಡೆಯ ಚಕ್ ಇದೆಯೇ ಎಂಬುದನ್ನೂ ನೋಡಿಕೊಳ್ಳಿ. ಮಿಲ್ಲಿನ ಉದ್ದ ಶಾಫ್ಟುಗಳಿಗೆ ಸ್ಟೆಡಿ ರೆಸ್ಟ್ ಇಲ್ಲದೆ ನಡೆಯುವುದಿಲ್ಲ.

ಹೊಸ ಬಣ್ಣ ಬಳಿದ ಯಂತ್ರವನ್ನು ಸಂಶಯದಿಂದ ನೋಡಿ. ಬೀಡು ಕಬ್ಬಿಣ ಒಡೆದರೆ ಅದನ್ನು ಹಿತ್ತಾಳೆಯಲ್ಲಿ ಬೆಸೆದು, ಅರ ಹಾಕಿ, ಮೇಲೆ ಬಣ್ಣ ಹೊಡೆಯುತ್ತಾರೆ. ಕಾಲುಗಳ ಬುಡ, ಹೆಡ್‌ಸ್ಟಾಕ್ ಕೂರುವ ಜಾಗ ಮತ್ತು ಟೇಲ್‌ಸ್ಟಾಕಿನ ಕ್ಲಾಂಪಿನ ಸುತ್ತ ಟಾರ್ಚ್ ಬಿಟ್ಟು ನೋಡಿದರೆ ಬಣ್ಣದ ಕೆಳಗೆ ಹಳದಿ ಗೆರೆ ಕಾಣಬಹುದು. ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಗಟ್ಟಿ ಎರಕ ಖಣಿಲ್ ಎನ್ನುತ್ತದೆ, ಬಿರುಕು ಬಿಟ್ಟದ್ದು ಮಂದವಾಗಿ ಸದ್ದು ಮಾಡುತ್ತದೆ.

ಯಂತ್ರ ಎಲ್ಲಿ ದುಡಿದಿದೆ ಎಂಬುದನ್ನು ಕೇಳದೆ ಯಾವ ತೀರ್ಮಾನಕ್ಕೂ ಬರಬೇಡಿ. ಬಳ್ಳಾರಿ, ಕೊಪ್ಪಳ, ರಾಯಚೂರು ಎಂಬ ನಮ್ಮ ಮೂರು ಜಿಲ್ಲೆಗಳಲ್ಲಿ ಇದು ಬಹಳ ಮುಖ್ಯ. ಸಂಡೂರು, ತೋರಣಗಲ್ಲು ಭಾಗದ ಕೆಂಪು ದೂಳು ಹೆಮಟೈಟ್ ಅದಿರಿನದು. ಲೇತ್‌ನ ಎಣ್ಣೆಯಲ್ಲಿ ಅದು ಬೆರೆತರೆ ಮರಳು ಕಾಗದದ ಕೆಲಸ ಮಾಡುತ್ತದೆ. ಕ್ಯಾರೇಜಿನ ವೈಪರ್ ಎತ್ತಿ ನೋಡಿದಾಗ ಒಳಗೆ ಕೆಂಪು ಗಸಿ ಕಂಡರೆ, ಬೆಡ್ಡಿನ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಗಂಗಾವತಿ, ಸಿಂಧನೂರು, ಕಾರಟಗಿಯ ಮಿಲ್ಲುಗಳ ಒಳಗಿದ್ದ ಯಂತ್ರಗಳಿಗೆ ಹೊಟ್ಟಿನ ಬೂದಿಯ ಕಾಟ. ಆ ಬೂದಿಯಲ್ಲಿ ಹೆಚ್ಚಿನ ಪಾಲು ಸಿಲಿಕಾ ಇರುವುದರಿಂದ ಬೇರಿಂಗುಗಳು ಬೇಗ ಸವೆಯುತ್ತವೆ. ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲಿನಿಂದ ಬಂದ ಮೋಟಾರುಗಳಲ್ಲಿ ಗಾಳಿಯ ದಾರಿಗೆ ಹತ್ತಿಯ ನಾರು ಕಟ್ಟಿಕೊಂಡು, ಮೋಟಾರು ಕಾದು ಕಾದು, ವೈಂಡಿಂಗಿನ ವಾರ್ನಿಷ್ ಕಪ್ಪಾಗಿರುತ್ತದೆ. ಸ್ಪಾಂಜ್ ಐರನ್ ಘಟಕಗಳ ಒಳಗಿನ ವರ್ಕ್‌ಶಾಪ್ ಲೇತ್‌ಗಳು ತಮ್ಮ ಶಕ್ತಿಗೆ ಮೀರಿದ ರೋಲರು, ಚಕ್ರಗಳನ್ನು ಹೊತ್ತಿರುವ ಸಾಧ್ಯತೆಯಿದೆ. ನೀವು ಹೇಳಿದ ಬಳ್ಳಾರಿಯ ವರ್ಕ್‌ಶಾಪು ಯಾರಿಗೆ ಕೆಲಸ ಮಾಡಿಕೊಡುತ್ತಿತ್ತು ಎಂದು ಅಕ್ಕಪಕ್ಕದ ಷೆಡ್ಡಿನವರನ್ನು ವಿಚಾರಿಸಿ. ಬ್ಯಾಂಕಿನ ಅಧಿಕಾರಿಗೆ ಗೊತ್ತಿಲ್ಲದ್ದು ಎದುರಿನ ಚಹಾದಂಗಡಿಯಲ್ಲಿ ಗೊತ್ತಿರುತ್ತದೆ.

ತಯಾರಕರ ಹೆಸರಿಗೂ ಬೆಲೆ ಇದೆ. 1953ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿಯ ಲೇತ್‌ಗಳು, ಹರಿಹರದಲ್ಲಿ 1941ರಿಂದ ನಡೆದು ಈಗ ಮುಚ್ಚಿರುವ ಮೈಸೂರು ಕಿರ್ಲೋಸ್ಕರಿನ ಲೇತ್‌ಗಳು ಹಳೆಯದಾದರೂ ಎರಕ ಗಟ್ಟಿ, ಗೇರು ಗಟ್ಟಿ. ಇವುಗಳ ಬಿಡಿಭಾಗ ಹಳೆಯ ಮಷಿನ್ ವ್ಯಾಪಾರಿಗಳಲ್ಲಿ ಸಿಗುತ್ತದೆ, ಮತ್ತೆ ಮಾರುವಾಗಲೂ ಗಿರಾಕಿ ಸಿಗುತ್ತಾರೆ. ಬಟಾಲಾ ಮತ್ತು ರಾಜ್‌ಕೋಟ್ ಕಡೆಯ ಹಗುರ ಲೇತ್‌ಗಳು ಕೆಟ್ಟವೆಂದಲ್ಲ, ಆದರೆ ಅವು ಹೊಸದಾಗಿಯೇ ಕಡಿಮೆ ಬೆಲೆಗೆ ಸಿಗುವುದರಿಂದ, ಹಳೆಯದಕ್ಕೆ ಹರಾಜಿನಲ್ಲಿ ಪೈಪೋಟಿಗೆ ಇಳಿಯುವುದರಲ್ಲಿ ಹುರುಳಿಲ್ಲ.

ಡ್ರಿಲ್ಲಿಂಗ್ ಮಷಿನ್‌ನಲ್ಲಿ ಸ್ಪಿಂಡಲ್ಲನ್ನು ಪೂರ್ತಿ ಕೆಳಗಿಳಿಸಿ, ಅಡ್ಡ ಅಲುಗಾಡಿಸಿ ನೋಡಿ. ಟೇಪರ್ ರಂಧ್ರದೊಳಗೆ ಬೆರಳಾಡಿಸಿ ಗೀರುಗಳಿವೆಯೇ ಎಂದು ಗಮನಿಸಿ. ಟೇಬಲ್ ಮೇಲೆ ತೂತುಗಳು ಬಿದ್ದಿದ್ದರೆ ಅದು ಹಿಂದಿನವರ ಅಜಾಗರೂಕತೆ, ಕೆಲಸಕ್ಕೇನೂ ಅಡ್ಡಿಯಿಲ್ಲ. ಅದರ ಜೊತೆ ಟೇಪರ್ ಶ್ಯಾಂಕ್ ಡ್ರಿಲ್ಲುಗಳ ಡಬ್ಬಿ ಇದ್ದರೆ ಸಂತೋಷದಿಂದ ತೆಗೆದುಕೊಳ್ಳಿ. ಮೊಂಡಾದ ಡ್ರಿಲ್ಲನ್ನು ಸಾಣೆ ಹಿಡಿದರೆ ಮತ್ತೆ ದುಡಿಯುತ್ತದೆ. ಬೆಂಚ್ ವೈಸ್, ಸರ್ಫೇಸ್ ಪ್ಲೇಟ್, ಆ್ಯಂಗಲ್ ಪ್ಲೇಟ್, ಅಡೆಗಲ್ಲುಗಳ ಮಾತೂ ಹೀಗೆಯೇ.

ಮೋಟಾರು ಮತ್ತು ವೆಲ್ಡಿಂಗ್ ಸೆಟ್ಟುಗಳಿಗೆ ಇನ್ಸುಲೇಷನ್ ಅಳೆಯುವ 500 ವೋಲ್ಟಿನ ಮೆಗ್ಗರ್ ತೆಗೆದುಕೊಂಡು ಹೋಗಿ. ವೈಂಡಿಂಗಿಗೂ ಬಾಡಿಗೂ ನಡುವೆ ಒಂದು ಮೆಗಾಓಮಿಗಿಂತ ಕಡಿಮೆ ತೋರಿಸಿದರೆ ರಿವೈಂಡಿಂಗ್ ಖರ್ಚು ಬರಬಹುದೆಂದೇ ಹಿಡಿಯಿರಿ. ತೇವದಿಂದಲೂ ಕಡಿಮೆ ತೋರಿಸಬಹುದು, ಆದರೆ ಆ ಅನುಮಾನದ ಲಾಭವನ್ನು ಮಾರುವವರಿಗೆ ಕೊಡಬೇಕಾಗಿಲ್ಲ. ಟ್ರಾನ್ಸ್‌ಫಾರ್ಮರ್ ವೆಲ್ಡಿಂಗ್ ಸೆಟ್ಟಿನೊಳಗೆ ತಾಮ್ರದ ತಂತಿಯಿದ್ದರೆ ಗುಜರಿಯವರು ತಾಮ್ರದ ತೂಕಕ್ಕೇ ಕೂಗುತ್ತಾರೆ. ಅಂಥ ಕಡೆ ಪೈಪೋಟಿ ಬೇಡ. ಇಂದು ಸಿಗುವ ಸಣ್ಣ ಇನ್ವರ್ಟರ್ ವೆಲ್ಡಿಂಗ್ ಮಷಿನ್ ನಿಮ್ಮ ಆರಂಭದ ಕೆಲಸಕ್ಕೆ ಸಾಕು.

ಕಂಪ್ರೆಸರಿನ ಪಂಪು ಕೆಟ್ಟರೆ ರಿಪೇರಿ, ಟ್ಯಾಂಕು ಕೆಟ್ಟರೆ ಪ್ರಾಣಾಪಾಯ. ದಿನವೂ ನೀರು ತೆಗೆಯದ ಟ್ಯಾಂಕು ತಳದಲ್ಲಿ ಒಳಗಿನಿಂದ ತುಕ್ಕು ಹಿಡಿದು ತೆಳ್ಳಗಾಗಿರುತ್ತದೆ, ಹೊರಗಿನ ಬಣ್ಣ ಮಾತ್ರ ಹೊಳೆಯುತ್ತಿರುತ್ತದೆ. ಕೊಂಡರೆ, ಗಾಳಿ ತುಂಬುವ ಮೊದಲು ನೀರು ತುಂಬಿ ಹೈಡ್ರಾಲಿಕ್ ಟೆಸ್ಟ್ ಮಾಡಿಸಿ. ಅದಕ್ಕೆ ಮನಸ್ಸಿಲ್ಲದಿದ್ದರೆ ಕೊಳ್ಳಬೇಡಿ. ಚೈನ್ ಪುಲ್ಲಿಯದೂ ಇದೇ ಕಥೆ: ಒಮ್ಮೆ ಅತಿಭಾರ ಹೊತ್ತು ಹುಕ್ಕು ಬಾಯಿ ತೆರೆದದ್ದನ್ನು ಬಡಿದು ಸರಿಮಾಡಿದ್ದರೆ ನಿಮಗೆ ಗೊತ್ತಾಗುವುದಿಲ್ಲ. ಷೆಡ್ಡಿನ ಮೂಲೆಯಲ್ಲಿ ಆಕ್ಸಿಜನ್ ಅಥವಾ ಅಸಿಟಲೀನ್ ಸಿಲಿಂಡರುಗಳು ಬಿದ್ದಿದ್ದರೆ ಅವುಗಳ ಗೊಡವೆಗೆ ಹೋಗಬೇಡಿ. ಅವು ಬಹುತೇಕ ಗ್ಯಾಸ್ ಕಂಪನಿಗಳ ಸ್ವತ್ತಾಗಿರುತ್ತವೆ.

ಕೈ ಉಪಕರಣಗಳ ಪೆಟ್ಟಿಗೆಯನ್ನು ಬೇಡವೆಂದದ್ದಕ್ಕೆ ಕಾರಣ ಸರಳ. ಎಲ್ಲರಿಗೂ ಅರ್ಥವಾಗುವ ಸಾಮಾನಾದ್ದರಿಂದ ಎಲ್ಲರೂ ಕೂಗುತ್ತಾರೆ, ಬೆಲೆ ಹೊಸದರ ಸಮೀಪಕ್ಕೆ ಏರುತ್ತದೆ, ಮನೆಗೆ ತಂದು ಸುರಿದು ನೋಡಿದರೆ ದಿನವೂ ಬೇಕಾಗುವ 13, 17, 19ರ ಪಾನಾಗಳೇ ಇರುವುದಿಲ್ಲ. ನಿಮ್ಮ ಮನೆತನದ್ದು ಕಮ್ಮಾರಿಕೆಯಾಗಿದ್ದು, ಮನೆಯಲ್ಲಿ ಯಾರಾದರೂ ಈಗಲೂ ಅದನ್ನೇ ಮಾಡುತ್ತಿದ್ದರೆ, 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಉಪಕರಣಗಳಿಗೆಂದು 15,000 ರೂಪಾಯಿವರೆಗಿನ ವೋಚರ್ ಸಿಗುವ ಅವಕಾಶವನ್ನು ವಿಚಾರಿಸಿ. ಮೈಕ್ರೊಮೀಟರ್, ವರ್ನಿಯರ್‌ಗಳನ್ನು ಸ್ಲಿಪ್ ಗೇಜ್ (ನಿಖರ ಅಳತೆಯ ಲೋಹದ ತುಂಡು) ಇಟ್ಟು ಪರೀಕ್ಷಿಸಲು ಸಾಧ್ಯವಾದರೆ ಮಾತ್ರ ಕೊಳ್ಳಿ. ಪ್ರಸಿದ್ಧ ಕಂಪನಿಯ ಹೆಸರು ಕೆತ್ತಿದ ನಕಲಿಗಳು ಬಹಳ ಇವೆ.

ಈಗ ಬೆಲೆಯ ಲೆಕ್ಕ. ಯಾವ ಯಂತ್ರಕ್ಕೂ ತಳದ ಬೆಲೆ ಅದರ ತೂಕ. ನಿಮ್ಮ ಲೇತ್ ಸುಮಾರು ಒಂದು ಟನ್ ತೂಗುತ್ತದೆ, ಆ ದಿನದ ಗುಜರಿ ದರ ಕೆಜಿಗೆ 30 ರೂಪಾಯಿ ಎಂದು ಉದಾಹರಣೆಗೆ ಹಿಡಿದರೆ, 30,000ಕ್ಕಿಂತ ಕೆಳಗೆ ಅದು ಯಾರಿಗೂ ಸಿಗುವುದಿಲ್ಲ. ಮೇಲಿನ ಮಿತಿಯನ್ನು ಹಿಂದಿನಿಂದ ಲೆಕ್ಕ ಹಾಕಿ. ಅದೇ ಜಾತಿಯ ಲೇತ್, ಓಡುವ ಸ್ಥಿತಿಯಲ್ಲಿ, ಹುಬ್ಬಳ್ಳಿ ಅಥವಾ ಬಳ್ಳಾರಿಯ ಹಳೆಯ ಮಷಿನ್ ವ್ಯಾಪಾರಿಯಲ್ಲಿ 1,20,000ಕ್ಕೆ ಸಿಗುತ್ತದೆ ಎಂದುಕೊಳ್ಳೋಣ. ಅದರಿಂದ ರಿಪೇರಿಗೆ 25,000, ಹೈಡ್ರಾ ಕ್ರೇನು ಮತ್ತು ಲಾರಿಗೆ 15,000, ವೈರಿಂಗ್ ಹಾಗೂ ಸ್ಟಾರ್ಟರಿಗೆ 8,000 ಕಳೆಯಿರಿ. ಉಳಿದದ್ದು 72,000. ಇದು ತೆರಿಗೆ ಸೇರಿದ ಮೊತ್ತ. ನೋಟಿಸಿನಲ್ಲಿ ಶೇಕಡ 18ರ ಜಿಎಸ್‌ಟಿ ಬೇರೆ ಎಂದಿದ್ದರೆ, 72,000ವನ್ನು 1.18ರಿಂದ ಭಾಗಿಸಬೇಕು, ಸುಮಾರು 61,000 ಬರುತ್ತದೆ. ನಿಮ್ಮ ಕೊನೆಯ ಕೂಗು ಅದೇ. ಜಿಎಸ್‌ಟಿ ನೋಂದಣಿ ಇದ್ದವರಿಗೆ ಆ ತೆರಿಗೆ ಕ್ರೆಡಿಟ್ಟಾಗಿ ಮರಳುತ್ತದೆ. ರಿಪೇರಿಯಂಥ ಸೇವೆಗೆ ವರ್ಷಕ್ಕೆ 20 ಲಕ್ಷದ ವಹಿವಾಟಿನವರೆಗೆ ನೋಂದಣಿ ಕಡ್ಡಾಯವಿಲ್ಲದ ಕಾರಣ ನೀವು ನೋಂದಾಯಿಸದೆ ಇರಬಹುದು. ಆಗ ಅದು ನಿಮ್ಮ ಕೈಯಿಂದ ಹೋದ ಖರ್ಚೇ. ನಾನು ಕೊಟ್ಟ ಅಂಕಿಗಳೆಲ್ಲ ಲೆಕ್ಕದ ರೀತಿ ತೋರಿಸಲು. ನಿಮ್ಮ ಅಂಕಿಗಳನ್ನು ನೀವೇ ವಿಚಾರಿಸಿ ತುಂಬಿಕೊಳ್ಳಬೇಕು.

ಈ ಲೆಕ್ಕದಲ್ಲಿ ನಿಮಗೊಂದು ಅನುಕೂಲವಿದೆ. ಗುಜರಿಯವರು ತೂಕದ ಬೆಲೆ ದಾಟುವುದಿಲ್ಲ. ಹಳೆಯ ಮಷಿನ್ ವ್ಯಾಪಾರಿಯು ತನ್ನ ಲಾಭವನ್ನು ಇಟ್ಟುಕೊಂಡೇ ಕೂಗಬೇಕು, ಆದ್ದರಿಂದ ಆತ ನಿಮಗಿಂತ ಮೊದಲೇ ನಿಲ್ಲುತ್ತಾನೆ. ಅದನ್ನು ಸ್ವತಃ ಬಳಸುವ ನಿಮಗೆ ಅವರಿಬ್ಬರಿಗಿಂತ ಸ್ವಲ್ಪ ಹೆಚ್ಚು ಕೊಡುವ ಶಕ್ತಿ ಸಹಜವಾಗಿಯೇ ಇದೆ. ಅಪಾಯ ಬರುವುದು ನಿಮ್ಮಂತೆಯೇ ಬಳಸಲು ಬಂದ ಇನ್ನೊಬ್ಬರು ಹಟಕ್ಕೆ ಬಿದ್ದಾಗ. ಆಗ ಬರೆದಿಟ್ಟ ಅಂಕಿಯಲ್ಲಿ ನಿಲ್ಲಿ. ಮೀಸಲು ಬೆಲೆಯೇ ನಿಮ್ಮ ಅಂಕಿಗಿಂತ ಮೇಲಿದ್ದರೆ ಸುಮ್ಮನೆ ಕಾಯಿರಿ; ಯಾರೂ ಕೂಗದಿದ್ದರೆ ಬ್ಯಾಂಕುಗಳು ಮೀಸಲು ಬೆಲೆ ಇಳಿಸಿ ಮತ್ತೆ ಹರಾಜಿಗೆ ಇಡುವುದು ರೂಢಿ. ಎರಡೂವರೆ ಲಕ್ಷದಲ್ಲಿ ಯಂತ್ರಗಳಿಗೆ, ಸಾಗಾಟ ಮತ್ತು ರಿಪೇರಿ ಸೇರಿ, ಒಂದೂವರೆ ಲಕ್ಷ ಮೀರದಿರಲಿ. ಜೆಸ್ಕಾಂನ ತ್ರೀ ಫೇಸ್ ಸಂಪರ್ಕ, ಷೆಡ್ಡಿನ ನೆಲ, ಟೂಲ್ ಬಿಟ್ಟುಗಳು, ಮೊದಲ ತಿಂಗಳುಗಳ ಉದ್ರಿ ಎಲ್ಲಕ್ಕೂ ಹಣ ಬೇಕು.

ಪರಿಶೀಲನೆಯ ದಿನ ಯಾರಾದರೂ ಹತ್ತಿರ ಬಂದು, 'ನೀವು ಕೂಗಬೇಡಿ, ಆಮೇಲೆ ಡ್ರಿಲ್ಲಿಂಗ್ ಮಷಿನ್ ನಿಮಗೇ ಕೊಡುತ್ತೇವೆ' ಎಂದರೆ ಒಪ್ಪಬೇಡಿ. ಮೊದಲೇ ಮಾತಾಡಿಕೊಂಡು ಬೆಲೆ ತಗ್ಗಿಸುವುದು 2002ರ ಸ್ಪರ್ಧಾ ಕಾಯ್ದೆಯಲ್ಲಿ ನಿಷಿದ್ಧ, ಮತ್ತು ಅಂಥ ಮಾತಿಗೆ ರಸೀತಿಯೂ ಇರುವುದಿಲ್ಲ. ಹಾಗೆಯೇ ಹರಾಜಿನ ಗೊಡವೆ ಬೇಡವೆಂದು ಅರ್ಧ ಬೆಲೆಗೆ ಸಾಮಾನು ಕೊಡುವ ಗುಜರಿ ಅಂಗಡಿಗಳ ಕಡೆ ಹೋದರೆ, ಕಾರ್ಖಾನೆಯ ಗುರುತು ಕೆತ್ತಿದ ಪಾನಾ, ಟೂಲು, ಕೇಬಲ್ಲುಗಳನ್ನು ಮುಟ್ಟಬೇಡಿ. ಕದ್ದ ಮಾಲು ಎಂದು ತಿಳಿದೋ, ಹಾಗೆ ನಂಬಲು ಕಾರಣವಿದ್ದೋ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ನಿನಲ್ಲಿ ಕೊಂಡವರ ಮೇಲೂ ಪ್ರಕರಣ ಆಗುತ್ತದೆ.

ಹರಾಜು ನಿಮ್ಮ ಹೆಸರಿಗೆ ಆದ ಮೇಲೆ, ಪೂರ್ತಿ ಹಣ ಕಟ್ಟಿದ ಕೂಡಲೇ ಮಾರಾಟ ಪ್ರಮಾಣಪತ್ರ ಕೇಳಿ ಪಡೆಯಿರಿ. ಚರ ಆಸ್ತಿಗೆ ಆ ಪ್ರಮಾಣಪತ್ರವೇ ಒಡೆತನದ ಮೇಲ್ನೋಟದ ಸಾಕ್ಷ್ಯ. ಅದರಲ್ಲಿ 'ಒಂದು ಲೇತ್' ಎಂದಷ್ಟೇ ಇದ್ದರೆ ಒಪ್ಪದೆ, ತಯಾರಕರ ಹೆಸರು, ಮಾದರಿ, ಯಂತ್ರದ ಮೇಲಿನ ಕ್ರಮಸಂಖ್ಯೆ, ಜೊತೆಗಿರುವ ಚಕ್ಕು ಮತ್ತು ಗೇರುಗಳ ಪಟ್ಟಿಯನ್ನು ಬರೆಸಿಕೊಳ್ಳಿ. ಪರಿಶೀಲನೆಯ ದಿನವೇ ಎಲ್ಲದರ ಫೋಟೊ ತೆಗೆದಿಟ್ಟುಕೊಂಡಿದ್ದರೆ, ಎತ್ತುವ ದಿನ ಒಂದು ಚಕ್ಕು ಕಾಣೆಯಾಗಿದ್ದಾಗ ಮಾತಾಡಲು ಆಧಾರವಿರುತ್ತದೆ. ಸಾಮಾನಿನ ಮೌಲ್ಯ 50,000 ದಾಟಿದರೆ ಇ-ವೇ ಬಿಲ್ ಇಲ್ಲದೆ ಲಾರಿ ಹೊರಡಿಸಬೇಡಿ.

ಎತ್ತುವಾಗ ಕ್ಯಾರೇಜು ಮತ್ತು ಟೇಲ್‌ಸ್ಟಾಕನ್ನು ಬೆಡ್ಡಿನ ಕೊನೆಯತ್ತ ಸರಿಸಿ ತೂಕ ಹೊಂದಿಸಿ ಲಾಕ್ ಮಾಡಿ, ಎತ್ತುವ ಬೆಲ್ಟನ್ನು ಬೆಡ್ಡಿನ ಕೆಳಗೆ ಹಾಕಿ. ಲೀಡ್ ಸ್ಕ್ರೂ ಮೇಲೆ ಬೆಲ್ಟಿನ ಭಾರ ಬಿದ್ದರೆ ಅದು ಬಾಗುತ್ತದೆ. ಬಾಗಿದ ಲೀಡ್ ಸ್ಕ್ರೂ ಸರಿಹೋಗುವುದು ಕಷ್ಟ. ಕಾರಟಗಿಯ ಸುತ್ತ ಎರೆಮಣ್ಣು ಇರುವುದರಿಂದ ಮಳೆ ಬಿದ್ದ ಮೇಲೆ ಹೈಡ್ರಾ ಹೊಲದ ಬದಿಯ ಷೆಡ್ಡಿಗೆ ಇಳಿಯುವುದಿಲ್ಲ. ಸಾಗಾಟವನ್ನು ಮಳೆಗಾಲಕ್ಕೆ ಮುಂಚೆಯೇ ಮುಗಿಸುವಂತೆ ನೋಡಿಕೊಳ್ಳಿ.

ಆ ಎರೆಮಣ್ಣಿನ ಮಾತು ನೆಲಕ್ಕೂ ಅನ್ವಯಿಸುತ್ತದೆ. ಅದು ಮಳೆಗೆ ಉಬ್ಬಿ ಬೇಸಿಗೆಗೆ ಬಿರುಕು ಬಿಡುವುದರಿಂದ, ಅದರ ಮೇಲೆ ನೇರವಾಗಿ ಹಾಕಿದ ತೆಳ್ಳನೆಯ ಕಾಂಕ್ರೀಟು ಏರುಪೇರಾಗಿ ಬೆಡ್ ತಿರುಚಿಕೊಳ್ಳುತ್ತದೆ. ಬೆಡ್ ತಿರುಚಿದರೆ ಚೆನ್ನಾಗಿರುವ ಲೇತ್ ಕೂಡ ಶಾಫ್ಟನ್ನು ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ ಮಾಡಿ ಕೊಡುತ್ತದೆ. ಎರೆಯನ್ನು ಅಗೆದು ತೆಗೆದು, ಗರಸು ತುಂಬಿ ನೀರು ಹಾಕಿ ದಮ್ಮಸು ಮಾಡಿಸಿ, ಅದರ ಮೇಲೆ ಕಬ್ಬಿಣ ಹಾಕಿದ ಕಾಂಕ್ರೀಟ್ ಹಾಸನ್ನು ಲೇತ್‌ಗೆಂದೇ ಷೆಡ್ಡಿನ ಗೋಡೆಗೆ ತಾಗದಂತೆ ಬೇರೆಯಾಗಿ ಮಾಡಿಸಿ. ಬೆಡ್ಡಿನ ಮೇಲೆ ಉದ್ದಕ್ಕೂ ಅಡ್ಡಕ್ಕೂ ಮಟ್ಟಗೋಲಿಟ್ಟು, ಕಾಲಿನ ಬೋಲ್ಟುಗಳ ಕೆಳಗೆ ಶಿಮ್ (ತೆಳ್ಳನೆಯ ಲೋಹದ ತಗಡು) ಕೊಟ್ಟು ಸಮ ಮಾಡಿದ ಮೇಲೆ ಒಂದು ಸರಳನ್ನು ಚಕ್ಕಿಗೆ ಹಿಡಿದು, ಟೇಲ್‌ಸ್ಟಾಕಿನ ಆಸರೆಯಿಲ್ಲದೆ ಎರಡು ಕಡೆ ಸಣ್ಣ ಕಟ್ ಕೊಟ್ಟು ಮೈಕ್ರೊಮೀಟರಿನಿಂದ ಅಳೆಯಿರಿ. ಎರಡೂ ಅಳತೆ ಹೊಂದುವವರೆಗೆ ಶಿಮ್ ತಿದ್ದಿಕೊಳ್ಳಿ, ಮತ್ತು ಮೊದಲ ಮಳೆಗಾಲ ಕಳೆದ ಮೇಲೆ ಇದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.